ಮರುಪ್ರವೇಶ



ಕಾಳಿ ಹೊಳೆಗೆ ಸೇತುವೆಯಾಗುವುದಕ್ಕೆ ಮುಂಚೆ, ಎಂದರೆ 1983ಕ್ಕೆ ಹಿಂದೆ, ಅಂಕೋಲೆಯ ಕಡೆಯಿಂದ ಗೋವೆಗೆ ಹೋಗಬೇಕಾದವರು ಕಾರವಾರದ ಕೋಡಿಬಾಗದವರೆಗೆ ಬಂದು, ಅಲ್ಲಿಂದ ಹೊಳೆ ದಾಟಿ ಸದಾಶಿವಗಡದ ದಡವನ್ನು ಸೇರಬೇಕಾಗಿತ್ತು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಜರ ಆಳ್ವಿಕೆ ಕೊನೆಗೊಂಡು ಏಳೆಂಟು ವರ್ಷ ಕಳೆದಿದ್ದರೂ, ಶೆಟಗೇರಿಯ ಗದ್ದೆಬಯಲಿನ ಹುಡುಗರಾದ ನಮಗೆ ಗೋವೆಯೆಂಬುದು ಹೊಳೆಯಾಚೆಯ ಬೇರೊಂದು ದೇಶದಂತೆಯೆ ತೋರುತ್ತಿತ್ತು. ಅಂತಹ ದಿನಗಳಲ್ಲಿ, ಆ ಊರಿನ ಹೆಸರನ್ನೇ ಶೀರ್ಷಿಕೆಯಲ್ಲಿ ಹೊತ್ತ 'ಗೋವಾದಲ್ಲಿ ಸಿ.ಐ.ಡಿ. 999' ಎಂಬ ಚಿತ್ರ ಟೂರಿಂಗ್ ಟಾಕೀಸಿನ ಡೇರೆಗೆ ಬಂದಿತೆಂದರೆ, ನೆಲದ ಮೇಲೆ ಕುಳಿತು ನೋಡುವ ಟಿಕೀಟಿಗಾಗಿ ನಾವು ಪಟ್ಟ ಪಾಡನ್ನು ಈಗ ವಿವರಿಸಬೇಕಾಗಿಲ್ಲ. ಆ ರಾತ್ರಿ ಮನೆಗೆ ನಡೆದು ಬರುವಾಗ ಜತೆಗಿದ್ದ ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು: "ಹಿಂದಿನ ಚಿತ್ರದ ಆ ಜಯಂತಿ ಈ ಸಲ ಯಾಕೆ ಇಲ್ಲ?" ನನ್ನ ಇಂದಿನ ಭಾಷಣವೆಲ್ಲವೂ ಆ ಪ್ರಶ್ನೆಗೆ ಬಹಳ ತಡವಾಗಿ ದೊರೆತ ಉತ್ತರ.

ಹಿಂದಿನ ಚಿತ್ರವೆಂದರೆ 'ಜೇಡರ ಬಲೆ'. ಗೋವೆಯ ಚಿತ್ರದಂತೆ ಅದೂ 1968ರದೇ. ಬೇಡರ ಕಣ್ಣಪ್ಪನಾಗಿ, ಕನಕದಾಸನಾಗಿ, ಕಬೀರನಾಗಿ ಜನರ ಭಕ್ತಿಗೆ ಪಾತ್ರರಾಗಿದ್ದ ರಾಜಕುಮಾರರನ್ನು ದೊರೈರಾಜ್ ಮತ್ತು ಎಸ್.ಕೆ. ಭಗವಾನ್ ಎಂಬ ಜೋಡಿ ನಿರ್ದೇಶಕರು ಸೂಟುಬೂಟಿನ ಗುಪ್ತಚರನನ್ನಾಗಿ ಮಾಡಿ ತೋರಿಸಿದ ಸಾಹಸವದು. 1962ರಲ್ಲಿ 'ಡಾಕ್ಟರ್ ನೋ' ಚಿತ್ರದಿಂದ ಆರಂಭವಾಗಿದ್ದ ಜೇಮ್ಸ್ ಬಾಂಡ್ ಮಾಲಿಕೆಯ ಪ್ರೇರಣೆ ಅದಕ್ಕಿದ್ದಿತೆಂಬುದು ಸ್ಪಷ್ಟ. ಬಾಂಡನಿಗೆ ಮೂರಂಕಿಯ ಗುರುತಿದ್ದಂತೆ ನಮ್ಮ ಗುಪ್ತಚರ ಪ್ರಕಾಶನಿಗೂ ಮೂರಂಕಿಯಾಯಿತು. ಅದೇ ವರ್ಷ ಗೋವೆಯ ಕಥೆ, 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಬಹುಕಾಲದ ಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕರಲ್ಲಿಯೂ ಅದೇ ನಾಯಕ, ಅದೇ ನಿರ್ದೇಶಕರು. ನಾಯಿಕೆ ಮಾತ್ರ ಪ್ರತಿ ಸಲವೂ ಹೊಸಬಳು: ಮೊದಲು ಜಯಂತಿ, ಅನಂತರ ಲಕ್ಷ್ಮಿ, ಬಳಿಕ ರೇಖಾ, ಕೊನೆಯಲ್ಲಿ ಪದ್ಮಪ್ರಿಯಾ.

ಇದು ಯಾರೊಬ್ಬರ ಮುನಿಸಿನಿಂದ ಆದುದೆಂದು ಭಾವಿಸಬಾರದು; ಆ ಬಗೆಯ ಕಥೆಯ ಅಸ್ತಿಭಾರವೇ ಹಾಗಿರುವುದು. ಊರಿಂದೂರಿಗೆ ಸಂಚರಿಸುವ ವೀರನು ಹೋದೆಡೆಯಲ್ಲೆಲ್ಲ ಒಬ್ಬ ಸುಂದರಿಯನ್ನು ಕಾಣಬೇಕು; ಆ ಊರಿನ ಕಾರ್ಯ ಮುಗಿಯಿತೆಂದರೆ ಅವಳ ಕಥೆಯೂ ಮುಗಿಯಬೇಕು. ಬಾಂಡ್ ಮಾಲಿಕೆಯಲ್ಲಿ ಮಾಡ್ ಆಡಮ್ಸ್ ಎಂಬ ನಟಿ 1974ರಲ್ಲಿ ಒಮ್ಮೆ, 1983ರಲ್ಲಿ ಮತ್ತೊಮ್ಮೆ ಕಾಣಿಸಿಕೊಂಡುದು ನಿಜ. ಆದರೆ ಎರಡನೆಯ ಸಲ ಅವಳು ಬಂದದ್ದು ಬೇರೊಬ್ಬಳಾಗಿ. ಅವಳ ಮೊದಲಿನ ಪಾತ್ರವನ್ನು ಅದೇ ಹೆಸರಿನಲ್ಲಿ ಮರಳಿ ಕರೆಯುವುದಕ್ಕೆ ಆ ಕಥೆಯಲ್ಲಿ ಬಾಗಿಲಿರಲಿಲ್ಲ.

ನಮ್ಮ ಸೀಮೆಯವರಿಗೆ ಇದು ಹೊಸತಲ್ಲ. ಯಕ್ಷಗಾನದ ಆಟ ನೋಡಿ ಬೆಳೆದ ನಮಗೆ ಅರ್ಜುನನನ್ನು ಬಿಟ್ಟರೆ ಬೇರೆ ಯಾವ ವೀರನಿದ್ದಾನೆ? ಒಂದು ರಾತ್ರಿ ಅವನೆದುರು ಸುಭದ್ರೆ, ಮತ್ತೊಂದು ರಾತ್ರಿ ಪ್ರಮೀಳೆ, ಇನ್ನೊಂದು ರಾತ್ರಿ ಚಿತ್ರಾಂಗದೆ. ತೀರ್ಥಯಾತ್ರೆಯ ಕಾಲದಲ್ಲಿ ಮಣಿಪುರದಲ್ಲಿ ಕೈಹಿಡಿದವಳನ್ನು ಅಲ್ಲಿಯೇ ಬಿಟ್ಟು ಅವನು ಮುಂದೆ ಹೊರಟುಹೋಗುತ್ತಾನೆ. ಆದರೆ ನಮ್ಮ ಪುರಾಣ, ವಿಶೇಷವಾಗಿ ಲಕ್ಷ್ಮೀಶನ ಜೈಮಿನಿ ಭಾರತವನ್ನು ಅನುಸರಿಸಿದ ನಮ್ಮ ಪ್ರಸಂಗಗಳು, ಅವಳನ್ನು ಅಲ್ಲಿಗೇ ಕೈಬಿಡುವುದಿಲ್ಲ. ಅಶ್ವಮೇಧದ ಕುದುರೆ ಮಣಿಪುರವನ್ನು ಹೊಕ್ಕಾಗ ಅವಳು ಬಬ್ರುವಾಹನನ ತಾಯಿಯಾಗಿ ಮತ್ತೆ ರಂಗಕ್ಕೆ ಬರುತ್ತಾಳೆ. ಅವಳ ಮಾನದ ಪ್ರಶ್ನೆಗಾಗಿಯೇ ತಂದೆ-ಮಗನ ಕಾಳಗ ನಡೆಯುತ್ತದೆ. ನೆಲಕ್ಕುರುಳಿದ ಅರ್ಜುನನ ಮುಂದೆ ಮಾತನಾಡುವ ಹಕ್ಕು ಅಂದು ಅವಳದು.

ಒಂದು ಚಳಿಗಾಲ ಊರ ಗದ್ದೆಯಲ್ಲಿ ಇದೇ ಪ್ರಸಂಗ. ಆಗ ಸ್ತ್ರೀವೇಷವನ್ನು ಗಂಡಸರೇ ಮಾಡುತ್ತಿದ್ದರಷ್ಟೆ. ನಾನು ಚೌಕಿಯ ಸೋಗೆಯ ತಟ್ಟಿಯನ್ನು ಸರಿಸಿ ಒಳಗೆ ನುಸುಳಿದೆ. ಕೊಬ್ಬರಿ ಎಣ್ಣೆಯ ವಾಸನೆ, ಗಂಟಲು ಕಟ್ಟುವ ಗ್ಯಾಸಲೈಟಿನ ಕಾವು. ಒಬ್ಬ ಕಲಾವಿದರು ಮಡಚಿದ ಕಂಬಳಿಯ ಮೇಲೆ ಕುಳಿತು, ಎಡಗೈಯಲ್ಲಿ ಅಂಗೈಯಗಲದ ಕನ್ನಡಿಯನ್ನು ಹಿಡಿದು, ಬಲಗೈಯ ಕಡ್ಡಿಯಿಂದ ಹುಬ್ಬು ತೀಡುತ್ತಿದ್ದರು. ಹಲ್ಲಿನ ನಡುವೆ ಜಡೆಯ ದಾರ. ಎರಡು ವರ್ಷದ ಹಿಂದೆ ಅದೇ ಮೇಳದಲ್ಲಿ ಅವರನ್ನು ಕಂಡಿದ್ದೆ. ನಡುವೆ ಬೇರೊಂದು ಮೇಳದಲ್ಲಿ ತಿರುಗಾಟ ಮಾಡಿದ್ದೂ ಗೊತ್ತಿತ್ತು. ಬಿಟ್ಟುಹೋದ ಮೇಳಕ್ಕೆ ಮತ್ತೆ ಯಾಕೆ ಬಂದಿರೆಂದು ಹುಡುಗಬುದ್ಧಿಯಿಂದ ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ದಾರವನ್ನು ಬಾಯಿಂದ ತೆಗೆದು, "ಆಗ ಇಲ್ಲಿ ಸಖಿ ಮಾಡಿಸ್ತಿದ್ರು, ತಮಾ. ಈ ವರ್ಷ ಚಿತ್ರಾಂಗದೆ ಕೊಡ್ತೇವೆ ಅಂದ್ರು, ಬಂದೆ" ಎಂದು ಹೇಳಿ ಮತ್ತೆ ಕನ್ನಡಿಯತ್ತ ತಿರುಗಿದರು. ಸಂಬಳದ ಮಾತನ್ನು ಅವರು ಎತ್ತಲಿಲ್ಲ. ಅದೂ ಇದ್ದಿರಬಹುದು, ಹೊಟ್ಟೆ ಯಾರನ್ನೂ ಬಿಟ್ಟದ್ದಲ್ಲ.

ಒಳ್ಳೆಯ ವೇಷ ಸಿಕ್ಕರೆ ಬಿಟ್ಟಲ್ಲಿಗೂ ಮರಳುತ್ತಾರೆಂಬ ಈ ಮಾತು ಎಷ್ಟು ದೂರದವರೆಗೆ ಸಲ್ಲುತ್ತದೆಂಬುದಕ್ಕೆ ಹಾಲಿವುಡ್ಡಿನ ನಿದರ್ಶನವೊಂದನ್ನು ಹೇಳುತ್ತೇನೆ. ಥಾರ್ ಎಂಬ ಸುತ್ತಿಗೆ ಹಿಡಿದ ದೇವವೀರನ ಚಿತ್ರಗಳಲ್ಲಿ ನಟಾಲಿ ಪೋರ್ಟ್‌ಮನ್ 2011 ಮತ್ತು 2013ರಲ್ಲಿ ಅವನ ಪ್ರಿಯೆ ಜೇನ್ ಆಗಿ ನಟಿಸಿದರು. ಎರಡನೆಯ ಚಿತ್ರವನ್ನು ಮೊದಲು ಒಪ್ಪಿಕೊಂಡಿದ್ದ ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್ ಹೊರನಡೆದುದು ಪೋರ್ಟ್‌ಮನ್‌ರ ಮನಸ್ಸಿಗೆ ನೋವುಂಟುಮಾಡಿತೆಂದು ಆಗ ವರದಿಯಾಗಿತ್ತು. 2017ರ ಮೂರನೆಯ ಚಿತ್ರದಲ್ಲಿ ಅವರಿಲ್ಲ. ಜೇನ್ ಅವನನ್ನು ಬಿಟ್ಟುಹೋದಳೆಂಬ ಒಂದು ಹಾರಿಕೆಯ ಮಾತಿನಲ್ಲಿ ಅವಳ ಕಥೆ ತೀರಿತು. ಹಾಗಿದ್ದವರು 2022ರ ನಾಲ್ಕನೆಯ ಚಿತ್ರಕ್ಕೆ ಮರಳಿದರು. ಆ ಸಲ ಜೇನ್ ಕಾದು ಕುಳಿತ ಪ್ರಿಯೆಯಲ್ಲ. ಕ್ಯಾನ್ಸರಿನಿಂದ ಬಳಲುತ್ತಲೇ ಆ ಸುತ್ತಿಗೆಯನ್ನು ತಾನೇ ಎತ್ತುವ ವೀರೆ. ಜೇಸನ್ ಆರನ್ ಎಂಬ ಲೇಖಕ 2014ರಲ್ಲಿಯೇ ಕಾಮಿಕ್ಸ್ ಪುಸ್ತಕದಲ್ಲಿ ಅವಳಿಗೆ ಆ ಪದವಿಯನ್ನು ಕೊಟ್ಟಿದ್ದನು. ಆ ಸುದ್ದಿಯನ್ನೋದಿದಾಗ ನನಗೆ ಮೊದಲು ನೆನಪಾದದ್ದು ಚೌಕಿಯ ಆ ಅಂಗೈಯಗಲದ ಕನ್ನಡಿ.

ಈಗ ಅಕ್ಕನ ಪ್ರಶ್ನೆಗೆ ಬರೋಣ. ಜಯಂತಿಯವರು 999ರ ಕಥೆಗೆ ಮರಳಲಿಲ್ಲವೆಂಬುದು ನಿಜವಾದರೂ, ಅದೇ ದೊರೈ-ಭಗವಾನರ, ಅದೇ ರಾಜಕುಮಾರರ ಜತೆಗೆ 1971ರಲ್ಲಿ 'ಕಸ್ತೂರಿ ನಿವಾಸ'ಕ್ಕೆ ಮರಳಿದರು. ಅಲ್ಲಿಯ ನೀಲೆಯನ್ನು ನೆನೆಯಿರಿ. ಕಾಯಿಲೆಯ ಮಗುವಿಗಾಗಿ ಪಾರಿವಾಳವನ್ನು ಕೇಳಲು ಅವಳು ಬಂದು ನಿಲ್ಲುವ ಆ ಗಳಿಗೆಯಿಲ್ಲದೆ ನಾಯಕನಾದ ಆ ಮಹಾದಾನಿಯ ಕಥೆಗೆ ಮುಕ್ತಾಯವೇ ಒದಗದು. ಜೇಡರ ಬಲೆಯ ನಾಯಿಕೆಯ ಸ್ಥಾನದಲ್ಲಿ ಬೇರೊಬ್ಬಳನ್ನು ನಿಲ್ಲಿಸಿದರೂ ಗುಪ್ತಚರನ ಕಾರ್ಯ ಸಾಗುತ್ತಿತ್ತು. ನೀಲೆಯನ್ನು ತೆಗೆದರೆ ನಿವಾಸವೇ ಕುಸಿಯುತ್ತದೆ.

ಲಕ್ಷ್ಮಿಯವರದು ಇದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದ ಕಥೆ. ಅವರು ವೈ.ವಿ. ರಾವ್ ಅವರ ಮಗಳು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ನಿರ್ದೇಶಿಸಿದವರು ಅವರೇ. ಇಂದ್ರಜಿತುವಿನ ಕಥೆಯಾದರೂ ಆ ಚಿತ್ರಕ್ಕೆ ಹೆಸರು ಬಂದದ್ದು ಅವನ ಹೆಂಡತಿಯಿಂದ ಎಂಬುದನ್ನು ಗಮನಿಸಬೇಕು. ಅಂಥವರ ಮಗಳು ಹದಿಹರೆಯದಲ್ಲಿ, ಗೋವೆಯ ಕಥೆಯಲ್ಲಿ ನಾಯಕನ ಜತೆಗಾತಿಯಾಗಿ ಕನ್ನಡಕ್ಕೆ ಬಂದು, ಅನಂತರ ತಮಿಳು, ಮಲಯಾಳ, ಹಿಂದಿಗಳಲ್ಲಿ ಬೆಳೆದು, 1974ರ 'ಚಟ್ಟಕ್ಕಾರಿ', ಅದರ ಹಿಂದಿ ರೂಪವಾದ 1975ರ 'ಜೂಲಿ'ಗಳಿಂದ ದೇಶಕ್ಕೆಲ್ಲ ಪರಿಚಿತರಾಗಿ, 1976ರಲ್ಲಿ 'ನಾ ನಿನ್ನ ಮರೆಯಲಾರೆ' ಚಿತ್ರದಲ್ಲಿ ಮತ್ತೆ ರಾಜಕುಮಾರರ ಎದುರು ನಿಂತರು. ಅಲ್ಲಿಂದ ಮುಂದೆ ದೊರೈ-ಭಗವಾನರೇ ಅವರಿಗಾಗಿ ತ.ರಾ.ಸು. ಅವರ ಕಾದಂಬರಿಗಳನ್ನು ಎತ್ತಿಕೊಂಡರು: 1979ರಲ್ಲಿ 'ಚಂದನದ ಗೊಂಬೆ', 1981ರಲ್ಲಿ 'ಗಾಳಿಮಾತು', 1983ರಲ್ಲಿ 'ಬೆಂಕಿಯ ಬಲೆ'. ಗುಪ್ತಚರನ ಪಕ್ಕದಲ್ಲಿ ನಿಲ್ಲಿಸಲು ಒಬ್ಬ ಹುಡುಗಿಯನ್ನು ಹುಡುಕಿ ತಂದಿದ್ದ ನಿರ್ದೇಶಕರು, ಹತ್ತು-ಹನ್ನೆರಡು ವರ್ಷಗಳ ತರುವಾಯ ಆ ಹೆಣ್ಣಿನ ಸುತ್ತಲೇ ಕಥೆಯನ್ನು ಕಟ್ಟಿದುದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಅಕ್ಕ 'ಗಾಳಿಮಾತು' ನೋಡಿ ಬಂದ ದಿನ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ.

ಉಳಿದವರಲ್ಲೊಬ್ಬರು 'ಜಾಕ್‌ಪಾಟ್'ನ ರೇಖಾ. ಆ ಚಿತ್ರ ಬಂದಾಗ ಆಕೆಗೆ ಹದಿನೈದರ ಆಸುಪಾಸು. ಮರುವರ್ಷವೇ 'ಸಾವನ್ ಭಾದೋಂ' ಮೂಲಕ ಹಿಂದಿಗೆ ಹೋದವರು ನಮ್ಮ ಭಾಷೆಗೆ ನಾಯಿಕೆಯಾಗಿ ಮರಳಲಿಲ್ಲ. ವಿಚಿತ್ರವೆಂದರೆ ವೀರಕಥೆಯೊಂದು ಆಕೆಯನ್ನು ಮತ್ತೆ ಕರೆಯಿತು. 2003ರ 'ಕೋಯಿ ಮಿಲ್ ಗಯಾ'ದಲ್ಲಿ ನಾಯಕನ ತಾಯಿಯಾಗಿ, 2006ರ 'ಕ್ರಿಶ್' ಚಿತ್ರದಲ್ಲಿ ಮುಖವಾಡದ ವೀರನನ್ನು ಲೋಕದ ಕಣ್ಣಿನಿಂದ ಬಚ್ಚಿಟ್ಟು ಸಾಕುವ ಅಜ್ಜಿಯಾಗಿ ಆಕೆ ಬಂದರು. ಬಬ್ರುವಾಹನನ ತಾಯಿಯಂತೆಯೆ. ಆ ಚಿತ್ರವನ್ನು ಅಕ್ಕ ಮೊಮ್ಮಕ್ಕಳ ಜತೆ ಟೀವಿಯಲ್ಲಿ ನೋಡುತ್ತಿದ್ದಾಗ ಪಕ್ಕದಲ್ಲಿ ನಾನಿದ್ದೆ. ಹುಡುಗರಿಗೆ ಮುಖವಾಡದವನು ಹಾರುವುದೇ ಬೇಕಾಗಿತ್ತು, ಅಕ್ಕ ಮಾತ್ರ ಆ ಅಜ್ಜಿಯ ಮುಖವನ್ನೇ ನೋಡುತ್ತ, "ಇವಳು ನಮ್ಮ ಜಾಕ್‌ಪಾಟಿನ ಹುಡುಗಿಯಲ್ಲವೇನೋ?" ಎಂದಳು.