ಡೊಂಕು ಕೋಲಿಗೆ ಕೆಂಡದ ಮದ್ದು

ಗೋಕಾಕದ ಗುಡ್ಡದಲ್ಲಿ ಬಾಣಕ್ಕೆ ಆಗುವಂಥ ಒಂದು ಕೋಲು ಹುಡುಕಿ ನೋಡಿ. ಜಾಲಿ, ಬಾರಿ, ಬೇವು ಯಾವುದನ್ನೇ ಎತ್ತಿಕೊಂಡರೂ ಎಲ್ಲೋ ಒಂದು ಕಡೆ ಸೊಟ್ಟ ಇದ್ದೇ ಇರುತ್ತದೆ. ಗಿಡಕ್ಕೆ ನಮ್ಮ ಬಾಣದ ಚಿಂತೆ ಯಾಕೆ? ಅದಕ್ಕೆ ಬೇಕಾದದ್ದು ಬಿಸಿಲು. ಪಕ್ಕದ ಟೊಂಗೆ ಅಡ್ಡ ಬಂದರೆ ಅತ್ತ ವಾಲುತ್ತದೆ, ಗಾಳಿ ತಳ್ಳಿದರೆ ಇತ್ತ ಬಾಗುತ್ತದೆ. ಕಡಿದ ಮೇಲಾದರೂ ಸುಮ್ಮನಿರುತ್ತದೆಯೇ? ಅದೂ ಇಲ್ಲ. ಹಸಿ ಕೋಲಿನ ತುಂಬ ನೀರಿರುತ್ತದೆ. ನೀರು ಆರಿದಂತೆ ಕೋಲು ಕುಗ್ಗುತ್ತದೆ. ಒಂದು ಮಗ್ಗುಲು ಮೊದಲು ಒಣಗಿ ಹೆಚ್ಚು ಕುಗ್ಗಿತೋ, ಕೋಲು ಆ ಕಡೆಗೇ ಬಾಗಿತು.

ಇಂಥ ಕೋಲನ್ನೇ ಬಾಣ ಮಾಡಿ ಬಿಟ್ಟರೆ ಗಾಳಿ ಅದರ ಒಂದು ಮಗ್ಗುಲನ್ನು ಹೆಚ್ಚು ತಳ್ಳುತ್ತದೆ. ಹೆದೆ ಹಿಂದಿನಿಂದ ಕೊಟ್ಟ ನೂಕು ಕೂಡ ನೇರವಾಗಿ ಮೊನೆಗೆ ಮುಟ್ಟುವುದಿಲ್ಲ. ಮಾವಿನಕಾಯಿಗೆ ಗುರಿಯಿಟ್ಟ ಬಾಣ ಪಕ್ಕದ ಮನೆಯ ಹಂಚಿಗೆ ಹೋಗಿ ಬಡಿಯುತ್ತದೆ, ನಿಮಗೆ ಬೈಗುಳ ಬೀಳುತ್ತದೆ. ನಮ್ಮ ನಾಡಿನ ಹಳೆಯ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದು ನಿಂತ ವೀರರನ್ನು ನೀವು ನೋಡಿರಬಹುದು. ಅಂಥವರ ಬತ್ತಳಿಕೆಯ ಒಂದೊಂದು ಬಾಣವನ್ನೂ ಯಾರೋ ಕೂತು ನೆಟ್ಟಗೆ ಮಾಡಿರಬೇಕು. ಅವರಿಗೆ ಕಲ್ಲಿನಲ್ಲಿ ಜಾಗ ಸಿಗಲಿಲ್ಲ, ಅದು ಬೇರೆ ಮಾತು.

ನೆಟ್ಟಗೆ ಮಾಡುವುದು ಹೇಗೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ದೊಡ್ಡವರು ನಿಮಗೆ ಹೇಳಿಯೇ ಇರುತ್ತಾರೆ. ಈ ಗಾದೆ ಕಟ್ಟಿದವರು ಮೇದಾರರನ್ನು ಒಂದು ಮಾತು ಕೇಳಬೇಕಿತ್ತು. ಬುಟ್ಟಿ, ಮೊರ, ನಿಚ್ಚಣಿಕೆ ಮಾಡುವ ಅವರ ಕೈಯಲ್ಲಿ ಬಲಿತ ಬಿದಿರೂ ಬಗ್ಗುತ್ತದೆ. ಡೊಂಕಿರುವ ಜಾಗವನ್ನು ಬೆಂಕಿಯ ಮೇಲೆ ಹಿಡಿದು ತಿರುಗಿಸುತ್ತಲೇ ಇರಬೇಕು, ಕೈ ನಿಂತರೆ ಬಿದಿರು ಕರಕಾಗುತ್ತದೆ. ಸ್ವಲ್ಪ ಹೊತ್ತಿಗೆ ಅದರ ಮೈಮೇಲೆ ಜಿಡ್ಡು ಮೂಡಿ ಮಿರಮಿರ ಮಿಂಚುತ್ತದೆ. ಆಗ ತುದಿಯನ್ನು ಕಲ್ಲಿನ ಸಂದಿಗೋ ಮರದ ಕವೆಗೋ ಸಿಕ್ಕಿಸಿ, ಡೊಂಕಿಗೆ ಎದುರು ದಿಕ್ಕಿನಲ್ಲಿ ಒತ್ತಬೇಕು. ನೆಟ್ಟಗಾದರೆ ಸಾಲದು, ಒಂದು ಚೂರು ಆಚೆಗೇ ಬಗ್ಗಿಸಬೇಕು. ಕೈ ಬಿಟ್ಟಾಗ ಅದು ಅಷ್ಟು ಹಿಂದಕ್ಕೆ ಬರುತ್ತದೆ. ಕೊನೆಗೆ ಒದ್ದೆ ಅರಿವೆಯಿಂದ ಒರೆಸಿ, ತಣ್ಣಗಾಗುವ ತನಕ ಹಾಗೇ ಹಿಡಿದಿರಬೇಕು. ಬಿಸಿ ಇರುವಾಗಲೇ ಕೈ ಬಿಟ್ಟರೆ ಡೊಂಕು ತಿರುಗಿ ಬರುತ್ತದೆ. ಇಡೀ ಕೆಲಸದಲ್ಲಿ ಇದೇ ಕಷ್ಟದ ಭಾಗ ಎಂದು ನನ್ನ ಲೆಕ್ಕ. ಇಲ್ಲಿ ತೋಳಿನ ಬಲಕ್ಕಿಂತ ತಾಳ್ಮೆಯೇ ಹೆಚ್ಚು ಬೇಕು.

ಒಳಗೆ ಆಗುವುದೇನು? ಗೋಕಾಕದವರಿಗೆ ಇದನ್ನು ತಿಳಿಸುವುದು ಸುಲಭ, ನಿಮ್ಮಲ್ಲಿ ಕರದಂಟು ಇದೆ. ಬೆಲ್ಲದ ಪಾಕ ಬಿಸಿಯಾಗಿರುವಾಗ ಕರದಂಟನ್ನು ಬೇಕಾದ ಆಕಾರಕ್ಕೆ ಒತ್ತಬಹುದು. ಆರಿದ ಮೇಲೆ ಹಲ್ಲೇ ಬೇಕು! ಬಾದಾಮಿ, ಗೋಡಂಬಿ, ಒಣಕೊಬ್ಬರಿ ಮೊದಲು ಹೇಗಿದ್ದವೋ ಹಾಗೇ ಇರುತ್ತವೆ. ಮೆತ್ತಗಾಗಿ ಮತ್ತೆ ಗಟ್ಟಿಯಾದದ್ದು ಅವನ್ನು ಹಿಡಿದಿಟ್ಟ ಬೆಲ್ಲ. ಮರದೊಳಗೂ ಸೆಲ್ಯುಲೋಸ್ ಎಂಬ ಗಟ್ಟಿ ನಾರುಗಳಿವೆ. ಅವು ಕೋಲಿನ ಉದ್ದಕ್ಕೆ ಸಾಲಾಗಿ ಮಲಗಿರುತ್ತವೆ. ಅವನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಮುಖ್ಯ ವಸ್ತು ಲಿಗ್ನಿನ್. ಒದ್ದೆ ಮರದಲ್ಲಿ ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಒಣ ಮರಕ್ಕೆ ಇನ್ನೂ ಹೆಚ್ಚು ಶಾಖ ಬೇಕು. ಅಂಟು ಮೆತ್ತಗಾದಾಗ ನಾರುಗಳು ಒಂದರ ಪಕ್ಕ ಒಂದು ಜರುಗುತ್ತವೆ. ತಣ್ಣಗಾದಾಗ ಹೊಸ ಜಾಗದಲ್ಲೇ ಬಿಗಿಯಾಗುತ್ತವೆ.

ಮಹಾಜನಕ ಜಾತಕ ಎಂಬ ಹಳೆಯ ಬೌದ್ಧ ಕಥೆಯಲ್ಲಿ ಬಾಣ ಮಾಡುವವನೊಬ್ಬ ಬರುತ್ತಾನೆ. ಅವನು ಬಾಣಕ್ಕೆ ಹುಳಿ ಗಂಜಿ ಸವರಿ, ಕೆಂಡದಲ್ಲಿ ಕಾಯಿಸಿ, ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತ ನೆಟ್ಟಗೆ ಮಾಡುತ್ತಾನೆ. ಗಂಜಿ ಯಾಕೆ? ಗಂಜಿಯಲ್ಲಿರುವುದು ಬಹುಪಾಲು ನೀರು. ಆ ತೇವ ಆರುವವರೆಗೆ ಕೋಲಿನ ಮೈ 100 ಡಿಗ್ರಿಯ ಆಚೆಗೆ ಹೆಚ್ಚು ಏರುವುದಿಲ್ಲ, ಹಾಗಾಗಿ ಬೇಗ ಸುಡುವುದಿಲ್ಲ. ತೇವ ಇದ್ದಲ್ಲಿ ಲಿಗ್ನಿನ್ ಬೇಗ ಮೆತ್ತಗೂ ಆಗುತ್ತದೆ. ಲಿಗ್ನಿನ್ ಹೆಸರು ಕೇಳದೆಯೇ ಅವನಿಗೆ ಇಷ್ಟೆಲ್ಲ ಗೊತ್ತಿತ್ತು!

ಇನ್ನು ಆ ಒಂದು ಕಣ್ಣು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಕೋಲಿನ ತುದಿಯನ್ನು ಮುಖದ ಹತ್ತಿರ ಹಿಡಿದರೆ ಎರಡೂ ಕಣ್ಣು ಬೇರೆ ಬೇರೆ ಕೋಲು ತೋರಿಸುತ್ತವೆ. ಒಂದನ್ನು ಮುಚ್ಚಿದರೆ ಉಳಿಯುವುದು ಒಂದೇ ನೋಟ. ಬೆಳಕು ನೇರವಾಗಿ ಚಲಿಸುತ್ತದೆ, ಹೀಗಾಗಿ ಅದೇ ಅಳತೆಪಟ್ಟಿ. ಕೋಲನ್ನು ಮೆಲ್ಲಗೆ ತಿರುಗಿಸಿದಂತೆ ಉಬ್ಬಿದ ಜಾಗ ಆ ನೇರಗೆರೆಯ ಆಚೀಚೆ ಇಣುಕುತ್ತದೆ.

ಬೇರೆ ನಾಡುಗಳಲ್ಲೂ ಇದೇ ಶಾಖದ ಉಪಾಯ, ಸಲಕರಣೆ ಮಾತ್ರ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಬಳಪದ ಕಲ್ಲಿನಲ್ಲಿ ತೋಡು ಕೊರೆದು, ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ, ಆ ತೋಡಿನಲ್ಲಿ ಬಾಣದ ಕಡ್ಡಿ ಇಟ್ಟು ತೀಡುತ್ತಿದ್ದರು. ಬಳಪದ ಕಲ್ಲು ಸುಲಭವಾಗಿ ಸೀಳುವುದಿಲ್ಲ, ಶಾಖವನ್ನೂ ಬಹಳ ಹೊತ್ತು ಹಿಡಿದಿಡುತ್ತದೆ. ಅಲಾಸ್ಕಾದ ಹಿಮನಾಡಿನವರು ವಾಲ್ರಸ್ ದಂತದಲ್ಲಿ ಒಂದು ತೂತು ಕೊರೆದಿದ್ದರು. ತೂತಿನಲ್ಲಿ ಕೋಲು ತೂರಿಸಿ ದಂತವನ್ನು ಹಿಡಿಕೆಯಂತೆ ಒತ್ತಿದರೆ ಸಾಕು, ಸನ್ನೆಗೋಲಿನ ತತ್ವದಂತೆ ಸಣ್ಣ ಬಲಕ್ಕೇ ಡೊಂಕು ಮಣಿಯುತ್ತದೆ. ನುಣುಪು ಮಾಡಲು ಹಲವು ಕಡೆ ಮರಳುಗಲ್ಲು ಇತ್ತು. ತೋಡು ಇರುವ ಎರಡು ಕಲ್ಲುಗಳ ನಡುವೆ ಕೋಲನ್ನು ಹಿಂದೆ ಮುಂದೆ ಎಳೆದರೆ ಇವತ್ತಿನ ಪಾಲಿಶ್ ಪೇಪರ್‌ನ ಕೆಲಸ ಆಗುತ್ತಿತ್ತು. ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುವ ಗೋಕಾಕ ಫಾಲ್ಸ್‌ನ ಬಂಡೆಯೂ ಮರಳುಗಲ್ಲೇ. ದೊಡ್ಡವರ ಜತೆ ಹೋದಾಗ, ಅಂಚಿನಿಂದ ದೂರ ಇರುವ ಒಂದು ಕಲ್ಲಿನ ಮೇಲೆ ಬೆರಳಾಡಿಸಿ, ಹರಳುಗಳು ಕೈಗೆ ತರಿತರಿಯಾಗಿ ಸಿಗುತ್ತವೆ.

ಒಮ್ಮೆ ನೆಟ್ಟಗಾದ ಬಾಣ ಸದಾ ಹಾಗೇ ಇರುತ್ತದೆಂದು ನಂಬಬೇಡಿ. ಮೂಡಲಗಿಯ ಬೇಸಿಗೆಯಲ್ಲಿ ಚೆನ್ನಾಗಿ ಒಣಗಿದ ಕೋಲನ್ನು ಪಶ್ಚಿಮಕ್ಕಿರುವ ಹುಕ್ಕೇರಿಯ ಮಳೆಗಾಲಕ್ಕೆ ಒಯ್ದರೆ ಅದು ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಮತ್ತೆ ಸೊಟ್ಟಗಾಗಬಹುದು. ಇಂದಿನ ದೊಡ್ಡ ಸ್ಪರ್ಧೆಗಳಲ್ಲಿ ಕಾರ್ಬನ್ ನಾರಿನ ಬಾಣಗಳು ಬಂದದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ತಮಾಷೆ ಕೇಳಿ. ಅಷ್ಟು ಕಷ್ಟಪಟ್ಟು ನೆಟ್ಟಗೆ ಮಾಡಿದ ಬಾಣವೂ ಬಿಲ್ಲು ಬಿಟ್ಟೊಡನೆ ಬಾಗುತ್ತದೆ! ಹೆದೆಯ ನೂಕಿಗೆ ಅದು ಎಡಕ್ಕೂ ಬಲಕ್ಕೂ ಬಳುಕುತ್ತ ಬಿಲ್ಲಿನ ದಿಂಡನ್ನು ಸುತ್ತಿ ದಾಟಿ, ಆಮೇಲೆ ನಿಧಾನಕ್ಕೆ ಸುಮ್ಮನಾಗುತ್ತದೆ. ವೇಗದ ಕ್ಯಾಮೆರಾದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ಬಾಣ ನೆಟ್ಟಗಿದ್ದರಷ್ಟೇ ಸಾಲದು, ಬಿಲ್ಲಿಗೆ ತಕ್ಕಷ್ಟು ಬಳುಕಬೇಕು ಕೂಡ.

ಬೆಂಕಿಯ ಕೆಲಸ ದೊಡ್ಡವರಿಗೇ ಇರಲಿ. ಗೆಣ್ಣು ಗೆಣ್ಣಿನ ನಡುವೆ ಗಾಳಿ ತುಂಬಿದ ಬಿದಿರು ಕಾದರೆ ಢಮ್ಮೆಂದು ಸಿಡಿಯುತ್ತದೆ. ಡೊಂಕು ಹುಡುಕುವ ಕೆಲಸ ನಿಮ್ಮದು. ಮನೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ ಕೋಲನ್ನು ಉರುಳಿಸಿ. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ, ಇಲ್ಲದಿದ್ದರೆ ಟಕ್ ಟಕ್ ಎಂದು ಕುಣಿಯುತ್ತದೆ. ಕೋಲನ್ನು ಮೆಲ್ಲಗೆ ಉರುಳಿಸುತ್ತ, ನಡುವೆ ನೆಲದಿಂದ ಏಳುವ ಜಾಗಕ್ಕೆ ಬಳಪದಿಂದ ಒಂದು ಗೆರೆ ಎಳೆಯಿರಿ. ಕಾಯಿಸಬೇಕಾದದ್ದು ಅಲ್ಲಿ.