ಪಿಕಪ್ ವಾಹನಕ್ಕೊಂದು ಬೀಗದ ಪೆಟ್ಟಿಗೆ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಎತ್ತಿನ ಗಾಡಿ ಹೂಡುತ್ತಿದ್ದ ಹಿರಿಯರು ಕೀಲೆಣ್ಣೆಯ ಗೊಟ್ಟವನ್ನು ಗಾಡಿಯೊಳಗೆ ಇಡುತ್ತಿರಲಿಲ್ಲ. ಹಗ್ಗ ಕಟ್ಟಿ ಗಾಡಿಯ ಅಡಿಗೆ ತೂಗುಹಾಕುತ್ತಿದ್ದರು. ಮೇಲೆ ರಾಗಿಯ ಚೀಲ, ಕೆಳಗೆ ಎಣ್ಣೆಯ ಗೊಟ್ಟ. ಎಣ್ಣೆ ತುಳುಕಿದರೆ ನೆಲಕ್ಕೆ ಬೀಳುತ್ತಿತ್ತೇ ಹೊರತು ಕಾಳಿಗೆ ತಾಗುತ್ತಿರಲಿಲ್ಲ. ತಿನ್ನುವ ವಸ್ತು ಬೇರೆ, ತಿನ್ನಬಾರದ ವಸ್ತು ಬೇರೆ ಎಂಬ ತಿಳಿವಳಿಕೆಯನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ಇಂದು ಗಾಡಿಯ ಜಾಗಕ್ಕೆ ಪಿಕಪ್ ಬಂದಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಸಣ್ಣ ಸರಕು ವಾಹನಗಳು ಹಳ್ಳಿ ಹಳ್ಳಿಗೂ ತಲುಪಿದವು. ತರಕಾರಿ ಬೆಳೆಯುವ ಊರುಗಳಲ್ಲಿ ಇಂಥ ವಾಹನವಿಲ್ಲದ ಬೀದಿ ಅಪರೂಪ. ಆದರೆ ಗಾಡಿಯೊಡನೆ ಆ ಗೊಟ್ಟದ ಬುದ್ಧಿಯೂ ಹೋದಂತೆ ತೋರುತ್ತದೆ. ಬೆಳಗಿನ ಜಾವ ಟೊಮೇಟೊ ಕ್ರೇಟುಗಳನ್ನು ಮಂಡಿಗೆ ಒಯ್ದ ವಾಹನವೇ ಹಿಂದಿರುಗುವಾಗ ಗೊಬ್ಬರದ ಚೀಲ, ಕೀಟನಾಶಕದ ಬಾಟಲಿ, ಕಳೆನಾಶಕದ ಡಬ್ಬಿ, ಬಿತ್ತನೆ ಬೀಜ, ಹಸುವಿನ ಹಿಂಡಿ, ಮನೆಯ ಅಕ್ಕಿ ಇಷ್ಟನ್ನೂ ಒಂದೇ ಹಾಸಿನ ಮೇಲೆ ಹೇರಿಕೊಂಡು ಬರುತ್ತದೆ. ಹಳ್ಳದ ರಸ್ತೆಯಲ್ಲಿ ವಾಹನ ಕುಲುಕುತ್ತದೆ, ಬಾಟಲಿಯ ಮುಚ್ಚಳ ಸಡಿಲಗೊಳ್ಳುತ್ತದೆ. ಮುಂದಿನದನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ವಾಹನದ ಹಿಂಭಾಗದಲ್ಲಿ, ಕ್ಯಾಬಿನ್‌ಗೆ ಒತ್ತಿಕೊಂಡಂತೆ, ಎರಡು ಕೋಣೆಯ ಒಂದು ಬೀಗದ ಪೆಟ್ಟಿಗೆಯನ್ನು ಭದ್ರವಾಗಿ ಕೂರಿಸಿದರೆ ಸಾಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಇದನ್ನು ಮಾಡಿಸಬಹುದು.

ಕೇರಳದ ಪಾಠ

ಈ ಮಾತು ಬರೀ ಹೆದರಿಕೆಯ ಮಾತಲ್ಲ. 1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ವಿಷಾಹಾರದಿಂದ ಸತ್ತರು. ಅವರು ತಿಂದದ್ದು ಗೋಧಿ ಹಿಟ್ಟಿನಿಂದ ಮಾಡಿದ ತಿನಿಸು. ಸಾಗಣೆಯ ಕಾಲದಲ್ಲಿ ಆ ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ತಾಗಿತ್ತು. ವಿಷವನ್ನು ಯಾರೂ ಬೇಕೆಂದು ಬೆರೆಸಿರಲಿಲ್ಲ. ಆಹಾರವೂ ವಿಷವೂ ಜೊತೆಯಾಗಿ ಪ್ರಯಾಣ ಮಾಡಿದ್ದವು, ಅಷ್ಟೆ.

ಆ ದುರಂತದ ವಿಚಾರಣೆಯ ಫಲವಾಗಿ 1968ರಲ್ಲಿ ಕೀಟನಾಶಕ ಕಾಯಿದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಯಾವ ಕೀಟನಾಶಕವನ್ನೂ ಆಹಾರ ಪದಾರ್ಥಕ್ಕಾಗಲಿ ಪಶು ಆಹಾರಕ್ಕಾಗಲಿ ನೇರವಾಗಿ ತಾಗುವಂತೆ ಸಾಗಿಸಬಾರದು, ಕೂಡಿಡಲೂಬಾರದು ಎಂದು ಆ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಸಾಗಣೆಯಲ್ಲಿ ಸೋರಿದರೆ ಜನರಿಗೆ ವಿಷ ತಾಗದಂತೆ, ಮಣ್ಣು ನೀರು ಕೆಡದಂತೆ ಕೂಡಲೇ ಕ್ರಮ ಕೈಗೊಳ್ಳುವ ಹೊಣೆಯನ್ನು ಸಾಗಿಸುವವನ ಮೇಲೆಯೇ ಹೊರಿಸಿವೆ. ತನ್ನ ಪಿಕಪ್ಪನ್ನು ಬಾಡಿಗೆಗೆ ಓಡಿಸುವ ರೈತನು ಈ ಮಾತನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ಪ್ಯಾರಾಥಿಯಾನ್ ಸೇರಿದ ರಂಜಕಯುಕ್ತ ವರ್ಗದ ಕೀಟನಾಶಕಗಳು ಬಾಯಿಂದ ಮಾತ್ರವಲ್ಲ, ಚರ್ಮದ ಮೂಲಕವೂ ದೇಹವನ್ನು ಸೇರುತ್ತವೆ. ಗೋಣಿ ಚೀಲ ಅವನ್ನು ಬತ್ತಿಯಂತೆ ಹೀರಿಕೊಳ್ಳುತ್ತದೆ. ಎಥೈಲ್ ಪ್ಯಾರಾಥಿಯಾನ್ ಈಗ ನಮ್ಮ ದೇಶದಲ್ಲಿ ನಿಷೇಧಿತವಾದರೂ ಅದೇ ವರ್ಗದ ಬೇರೆ ಔಷಧಿಗಳು ಅಂಗಡಿಗಳಲ್ಲಿವೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿದರೆ ವಿಷದ ಬಲ ತಿಳಿಯುತ್ತದೆ. ಕೆಂಪು ಬಣ್ಣದ್ದು ಎಲ್ಲಕ್ಕಿಂತ ಘೋರ, ಅನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ತ್ರಿಕೋನವೆಂದರೆ ವಿಷವಿಲ್ಲ ಎಂದಲ್ಲ, ಕಡಿಮೆ ಎಂದು ಅರ್ಥ.

ಕಳೆನಾಶಕದ ಹಾನಿ ಇನ್ನೊಂದು ಬಗೆಯದು. 2,4-ಡಿ ಯಂಥ ಔಷಧಿಗೆ ಟೊಮೇಟೊ, ಹತ್ತಿ, ದ್ರಾಕ್ಷಿ ಬಹಳ ಸೂಕ್ಷ್ಮ ಬೆಳೆಗಳು. ಸೋರಿದ ಕಳೆನಾಶಕ ಟೊಮೇಟೊ ಸಸಿಯ ಟ್ರೇಗೆ ತಾಗಿದರೆ ನಾಟಿ ಮಾಡಿದ ಮೇಲೆ ಎಲೆ ಮುರುಟಿಕೊಳ್ಳುತ್ತದೆ. ರೈತ ಅದನ್ನು ನಂಜುರೋಗವೆಂದು ತಿಳಿದು ಮತ್ತೆ ಔಷಧಿ ಹೊಡೆಯುತ್ತಾನೆ. ರೋಗ ಬಂದದ್ದು ಹೊಲದಲ್ಲಲ್ಲ, ವಾಹನದಲ್ಲಿ.

ಪೆಟ್ಟಿಗೆಯ ಅಳತೆ

ಹೆಚ್ಚಿನ ಪಿಕಪ್‌ಗಳಿಗೆ 150 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಪೆಟ್ಟಿಗೆ ಹೊಂದುತ್ತದೆ. ಸಣ್ಣ ವಾಹನವಾದರೆ ಹಾಸಿನ ಒಳ ಅಗಲವನ್ನು ಅಳೆದು ಉದ್ದವನ್ನು ತಗ್ಗಿಸಬೇಕು. ಪೆಟ್ಟಿಗೆಯ ಉದ್ದ ವಾಹನಕ್ಕೆ ಅಡ್ಡಲಾಗಿ ಬರಬೇಕು. ನಡುವೆ ಒಂದು ತಗಡಿನ ಗೋಡೆ ನಿಲ್ಲಿಸಿ 75 ಸೆಂ.ಮೀ.ಯ ಎರಡು ಕೋಣೆ ಮಾಡಬೇಕು. ಈ ಗೋಡೆಯ ಸುತ್ತಲೂ ಬೆಸುಗೆ ಪೂರ್ತಿಯಾಗಿರಬೇಕು, ಅಲ್ಲಲ್ಲಿ ಚುಕ್ಕೆ ಹಾಕಿದರೆ ಸಾಲದು.

ಚೌಕಟ್ಟಿಗೆ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಕಬ್ಬಿಣದ ಆಂಗಲ್, ಗೋಡೆಗಳಿಗೆ 1.2 ಮಿ.ಮೀ. ದಪ್ಪದ ತಗಡು ಸಾಕಾಗುತ್ತದೆ. ತಗಡು ಸುಮಾರು 33 ಕಿಲೋ, ಆಂಗಲ್ ಸುಮಾರು 11 ಕಿಲೋ, ತಿರುಗಣಿ, ಚಿಲಕ, ಬೋಲ್ಟು ಸೇರಿ ಒಟ್ಟು 50 ಕಿಲೋದೊಳಗೆ ಪೆಟ್ಟಿಗೆ ಮುಗಿಯುತ್ತದೆ. ಇಷ್ಟು ಭಾರವನ್ನೂ ಒಳಗಿಡುವ ಸಾಮಾನಿನ ಭಾರವನ್ನೂ ಪ್ರತಿ ಹೇರಿನಲ್ಲಿ ಕಳೆದುಕೊಳ್ಳಬೇಕು. 25 ಕಿಲೋ ಕ್ರೇಟಿನ ಲೆಕ್ಕದಲ್ಲಿ ಪೆಟ್ಟಿಗೆಯೊಂದೇ ಎರಡು ಕ್ರೇಟಿಗೆ ಸಮ. ಈ ನಷ್ಟವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಒಂದು ಬಾಟಲಿ ಒಡೆದು ಒಂದು ಹೇರು ಹಾಳಾದರೆ ಎಷ್ಟು ಕ್ರೇಟು ಹೋಗುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು.

ಬಾಗಿಲು ಎಲ್ಲಿರಬೇಕು?

ವಾಹನದ ಪಕ್ಕದ ಹಲಗೆಗಳು ಕೆಳಗೆ ಮಡಚುವಂತಿದ್ದರೆ ಬಾಗಿಲುಗಳನ್ನು ಪೆಟ್ಟಿಗೆಯ ಎರಡು ತುದಿಗಳಲ್ಲಿ ಇಡುವುದು ಉತ್ತಮ. ಆಗ ಮೇಲ್ಭಾಗ ಒಂದೇ ಸಮತಟ್ಟಾದ ತಗಡಾಗಿ ಉಳಿಯುತ್ತದೆ. ಅದರ ಮೇಲೆ ಕ್ರೇಟು ಜೋಡಿಸಬಹುದು, ಜಾಗ ಹೆಚ್ಚು ಹೋಗುವುದಿಲ್ಲ. ವಿಷ ಕೆಳಗೆ, ಬೆಳೆ ಮೇಲೆ. ಹನಿ ಯಾವಾಗಲೂ ಕೆಳಕ್ಕೆ ಬೀಳುತ್ತದೆ, ಮೇಲಕ್ಕೆ ಹತ್ತುವುದಿಲ್ಲ. ಪಕ್ಕದ ಹಲಗೆ ಮಡಚದ ವಾಹನವಾದರೆ ಮೇಲ್ಮುಚ್ಚಳವೇ ಗತಿ. ಆಗ ಅದರ ಮೇಲೆ ಏನನ್ನೂ ಹೇರಬಾರದು.

ಎಡಗಡೆಯ ಕೋಣೆ ಹಗ್ಗ, ಟಾರ್ಪಾಲು, ಸ್ಪ್ಯಾನರು, ಜಾಕ್ ಮುಂತಾದ ಸಾಮಾನಿಗೆ. ದಾರಿಯಲ್ಲಿ ಪಂಕ್ಚರ್ ಆದಾಗ ರಸ್ತೆಯ ಅಂಚಿನ ಕಡೆಗೆ ನಿಂತು ಇವನ್ನು ತೆಗೆಯಬಹುದು. ಬಲಗಡೆಯ ಕೋಣೆ ಔಷಧಿಗೆ. ಅದು ಅಂಗಡಿಯ ಮುಂದೆ ಒಮ್ಮೆ, ಹೊಲದಲ್ಲಿ ಒಮ್ಮೆ ಮಾತ್ರ ತೆರೆಯುವ ಕೋಣೆ. ಚಾಲಕ ಇಳಿಯುವ ಕಡೆಯೇ ಅದಿರುವುದರಿಂದ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಸೈಲೆನ್ಸರ್ ಬಲಗಡೆ ಪೆಟ್ಟಿಗೆಯ ನೇರ ಕೆಳಗೆ ಹಾದುಹೋಗುವ ವಾಹನವಾದರೆ ಮಾತ್ರ ಕೋಣೆಗಳನ್ನು ಅದಲುಬದಲು ಮಾಡಬೇಕು, ಏಕೆಂದರೆ ಔಷಧಿಗೆ ಬಿಸಿ ತಾಗಬಾರದು.

ಔಷಧಿ ಕೋಣೆಯಲ್ಲಿ ನಾಲ್ಕು ಅಂಶಗಳನ್ನು ತಪ್ಪದೆ ಪಾಲಿಸಬೇಕು.

ಮೊದಲನೆಯದಾಗಿ, ಬಾಗಿಲಿನ ತೆರಪು ತಳದಿಂದ 5 ಸೆಂ.ಮೀ. ಮೇಲೆ ಆರಂಭವಾಗಬೇಕು. ಈ ಹೊಸ್ತಿಲು ಇದ್ದರೆ ಸಮತಟ್ಟಾದ ನೆಲದಲ್ಲಿ ಸುಮಾರು 18 ಲೀಟರ್ ಸೋರಿಕೆ ಒಳಗೇ ನಿಲ್ಲುತ್ತದೆ. ವಾಹನ ಓರೆಯಾದಾಗ ಇದು ಕಡಿಮೆಯಾದರೂ ಒಂದೆರಡು ಬಾಟಲಿಗೆ ಯೋಚನೆಯಿಲ್ಲ.

ಎರಡನೆಯದಾಗಿ, ತಳದಲ್ಲಿ ಒಂದೂ ತೂತು ಇರಬಾರದು. ಸಾಮಾನಿನ ಕೋಣೆಗೆ ನೀರು ಹರಿಯುವ ತೂತು ಬೇಕು, ಔಷಧಿ ಕೋಣೆಗೆ ಬೇಡ.

ಮೂರನೆಯದಾಗಿ, ತೂತಿಲ್ಲದ ಗೋಡೆಯ ಪ್ಲಾಸ್ಟಿಕ್ ಕ್ರೇಟೊಂದನ್ನು, 60 ಸೆಂ.ಮೀ. ಉದ್ದ 40 ಸೆಂ.ಮೀ. ಅಗಲದ್ದನ್ನು, ಒಳಗಿಡಬೇಕು. ಬಾಟಲಿಗಳನ್ನು ನೆಟ್ಟಗೆ ಇದರಲ್ಲಿ ಜೋಡಿಸಿ, ಸಂದಿಗೆ ಹಳೆಯ ಕಾಗದ ತುರುಕಿದರೆ ಅವು ಉರುಳುವುದಿಲ್ಲ. ಡ್ರಾಯರಿನಂತೆ ಎಳೆದುಕೊಳ್ಳುವುದೂ ಸುಲಭ.

ನಾಲ್ಕನೆಯದಾಗಿ, ಬಾಗಿಲಿನ ಮೇಲಂಚಿನಲ್ಲಿ ಗಾಳಿಗೆ ಸಣ್ಣ ಸೀಳುಗಳಿರಬೇಕು. ಅವು ಹೊರಮುಖವಾಗಿರಬೇಕು, ಕ್ಯಾಬಿನ್ ಕಡೆಗೆ ಇರಬಾರದು.

ಜೋಡಿಸುವ ಕ್ರಮ

ಪೆಟ್ಟಿಗೆಯನ್ನು ವಾಹನಕ್ಕೆ ಬೆಸೆಯಬಾರದು, ಬೋಲ್ಟಿನಿಂದ ಬಿಗಿಯಬೇಕು. ಬೆಸುಗೆಯ ಕಾವಿಗೆ ಬಣ್ಣ ಸುಟ್ಟು ಅಲ್ಲಿಂದಲೇ ತುಕ್ಕು ಹತ್ತುತ್ತದೆ. ಹಾಸಿನ ಅಡಿಯಲ್ಲಿ ಇಂಧನದ ಟ್ಯಾಂಕು, ಬ್ರೇಕಿನ ಕೊಳವೆ, ವಿದ್ಯುತ್ ತಂತಿ ಹಾದುಹೋಗಿರುತ್ತವೆ. ತೂತು ಕೊರೆಯುವ ಮುನ್ನ ವಾಹನದ ಕೆಳಗೆ ಮಲಗಿ ನೋಡತಕ್ಕದ್ದು. ಹಾಸಿನ ತಗಡಿನಲ್ಲಿ ಮಾತ್ರ ಕೊರೆಯಬೇಕು, ಛಾಸಿಯ ಉದ್ದ ತೊಲೆಗಳನ್ನು ಎಂದೂ ಕೊರೆಯಬಾರದು.

ಪೆಟ್ಟಿಗೆಗೆ ಹೊರಗಡೆ ಆಂಗಲಿನ ಕಾಲುಗಳನ್ನು ಬೆಸೆದು, ಅವುಗಳ ಮೂಲಕ 10 ಮಿ.ಮೀ.ನ ಆರು ಬೋಲ್ಟು ಹಾಕಬೇಕು. ಹಾಸಿನ ಕೆಳಗಿನಿಂದ ಪ್ರತಿ ಬೋಲ್ಟಿಗೂ 5 ಸೆಂ.ಮೀ. ಚೌಕದ ದಪ್ಪ ಪಟ್ಟಿ, ಸ್ಪ್ರಿಂಗ್ ವಾಷರ್ ಇರಬೇಕು. ಇಲ್ಲವಾದರೆ ಕುಲುಕಾಟಕ್ಕೆ ತಗಡು ಹರಿಯುತ್ತದೆ. ಕಾಲಿನ ಅಡಿಗೆ ಹಳೆಯ ಟೈರಿನ ರಬ್ಬರ್ ತುಂಡು ಕೊಟ್ಟರೆ ಸದ್ದೂ ತಗ್ಗುತ್ತದೆ, ತೊಳೆದ ನೀರೂ ಅಡಿಯಲ್ಲಿ ಹರಿದುಹೋಗುತ್ತದೆ. ಕೊರೆದ ತೂತಿಗೂ ಬೆಸೆದ ಕಡೆಗೂ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಗೊಬ್ಬರದ ಉಪ್ಪು ಬರಿಯ ಕಬ್ಬಿಣವನ್ನು ಬಹು ಬೇಗ ತಿನ್ನುತ್ತದೆ. ತಿಂಗಳು ಕಳೆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಪೆಟ್ಟಿಗೆಯನ್ನು ಹಿಂದಿನ ಬಾಗಿಲ ಹತ್ತಿರ ಕೂರಿಸಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೂರಿಸಬಾರದು. ಹಿಂದಿನ ಅಚ್ಚಿಗಿಂತ ಹಿಂದೆ ಬಿದ್ದ ಭಾರ ವಾಹನದ ಮುಂಭಾಗವನ್ನು ಎತ್ತುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ. ಗಾಡಿಯಲ್ಲಿ ಹಿಂಭಾರವಾದರೆ ನೊಗ ಮೇಲೇಳುವುದನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಾನೂನಿನ ಕಡೆಗೂ ಗಮನ ಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳಿಗೆ ಹೊಂದದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಬಾರದು. ಬಿಚ್ಚಿ ತೆಗೆಯಬಹುದಾದ ಪೆಟ್ಟಿಗೆಯೇ ಲೇಸು ಎನ್ನುವುದಕ್ಕೆ ಇದೂ ಒಂದು ಕಾರಣ. ಪೆಟ್ಟಿಗೆ ಮಾಡಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಪೆಟ್ಟಿಗೆ ವಾಹನದ ಅಂಚಿನಿಂದ ಹೊರಕ್ಕೆ ಚಾಚಿರಬಾರದು.

ಬಳಸುವ ರೀತಿ

ಪೆಟ್ಟಿಗೆ ಇದ್ದ ಮಾತ್ರಕ್ಕೆ ಅಪಾಯ ಕಳೆಯಲಿಲ್ಲ. ಔಷಧಿ ಕೋಣೆಯಲ್ಲಿ ಔಷಧಿಯಲ್ಲದೆ ಬೇರೇನೂ ಇರಬಾರದು. ಬುತ್ತಿ, ಕುಡಿಯುವ ನೀರು ಕ್ಯಾಬಿನ್ನಿನಲ್ಲಿರಲಿ. ಬೀಜ, ಹಿಂಡಿ, ಅಕ್ಕಿ ಹಾಸಿನ ಮೇಲೆ ಟಾರ್ಪಾಲಿನೊಳಗೆ ಇರಲಿ. ಔಷಧಿಯನ್ನು ಮಾತ್ರ ಸೀಟಿನ ಕೆಳಗೆ ಇಡಕೂಡದು. ಕೀಟನಾಶಕವನ್ನು ಬೇರೆ ಬಾಟಲಿಗೆ ಸುರಿದು ತರಲೂಬಾರದು, ಏಕೆಂದರೆ ವಿಷ ತಾಗಿದಾಗ ವೈದ್ಯರು ಮೊದಲು ಕೇಳುವುದು ಅದರ ಚೀಟಿಯನ್ನು. ಪೆಟ್ರೋಲ್, ಡೀಸೆಲ್ ಕ್ಯಾನುಗಳಿಗೂ ಇದು ಜಾಗವಲ್ಲ.

ಬಾಗಿಲ ಮೇಲೆ ‘ವಿಷ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ, ತಲೆಬುರುಡೆಯ ಗುರುತು ಹಾಕಿಸಬೇಕು. ಬೀಗದ ಕೈ ಯಜಮಾನನ ಬಳಿಯೇ ಇರಬೇಕು. ಮನೆಯ ಮುಂದೆ ನಿಂತ ಪಿಕಪ್ ಎಂದರೆ ಮಕ್ಕಳಿಗೆ ಆಟದ ಅಂಗಳ. ಹೊಲ ಮುಟ್ಟಿದ ದಿನವೇ ಔಷಧಿಯನ್ನು ಪೆಟ್ಟಿಗೆಯಿಂದ ತೆಗೆದು ಅದರ ಸ್ಥಳದಲ್ಲಿ ಇಡಬೇಕು. ಪೆಟ್ಟಿಗೆ ಸಾಗಣೆಗಾಗಿ ಇರುವುದು, ಉಗ್ರಾಣವಾಗಿ ಅಲ್ಲ. ಆಳುಗಳನ್ನು ಅದರ ಮೇಲೆ ಕೂರಿಸಿಕೊಂಡು ಹೋಗುವುದಂತೂ ಸಲ್ಲದು. ಸರಕು ವಾಹನ ಜನರನ್ನು ಸಾಗಿಸುವುದಕ್ಕೆ ಆದದ್ದಲ್ಲ.

ಸಾಮಾನಿನ ಕೋಣೆಯಲ್ಲಿ ಒಂದು ಚೀಲ ಒಣ ಮಣ್ಣು ಅಥವಾ ಮರದ ಹೊಟ್ಟು, ರಬ್ಬರ್ ಕೈಚೀಲ, ಒಂದು ಸೋಪು ಇಟ್ಟಿರಬೇಕು. ಔಷಧಿ ಸೋರಿದರೆ ಕೈಚೀಲ ತೊಟ್ಟು, ಮಣ್ಣು ಸುರಿದು ಹೀರಿಸಿ, ಗೋರಿ ತೆಗೆಯಬೇಕು. ಕೂಡಲೇ ನೀರು ಹೊಡೆದು ತೊಳೆಯಬಾರದು. ವಾಹನವನ್ನು ಕೆರೆಗೆ, ಹಳ್ಳಕ್ಕೆ ಇಳಿಸಿ ತೊಳೆಯುವ ಅಭ್ಯಾಸವನ್ನು ಬಿಡಬೇಕು. ಆ ನೀರನ್ನು ದನಗಳು ಕುಡಿಯುತ್ತವೆ. ಔಷಧಿ ತಾಗಿದ ಹಿಟ್ಟು, ಅಕ್ಕಿ, ಹಿಂಡಿಯನ್ನು ಬಿಸಿಲಿಗೆ ಹರಡಿ ಒಣಗಿಸಿ ಬಳಸುವ ಆಸೆ ಸಲ್ಲದು. ದನಕ್ಕೂ ಹಾಕಬಾರದು, ಮಾರಲೂಬಾರದು.

ಯಾರಿಗಾದರೂ ಔಷಧಿ ತಾಗಿದ ಮೇಲೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜು, ಉಸಿರಾಟದ ತೊಂದರೆ ಕಂಡರೆ ತಡಮಾಡಬಾರದು. ಬಟ್ಟೆ ಕಳಚಿ, ಸೋಪು ನೀರಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯೊಡನೆ ಆಸ್ಪತ್ರೆಗೆ ಒಯ್ಯಬೇಕು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. 1958ರಲ್ಲಿ ಆದದ್ದೂ ಅದೇ, ಕಾಯಿದೆ ಬಂದದ್ದು ಹೆಣ ಬಿದ್ದ ಮೇಲೆ. ಇಂದಿನ ರೈತನಿಗೆ ಹಾಗೆ ಕಾಯುವ ಅಗತ್ಯವಿಲ್ಲ. ವಿಷಕ್ಕೂ ಅನ್ನಕ್ಕೂ ನಡುವೆ ಒಂದು ತಗಡಿನ ಗೋಡೆ, ಅದಕ್ಕೊಂದು ಬೀಗ. ಮುಂದಿನ ಸಿಂಪರಣೆಯ ಹಂಗಾಮಿಗೆ ಮೊದಲೇ, ವಾಹನ ಬಿಡುವಾಗಿರುವ ಒಂದು ದಿನ ನೋಡಿ, ಈ ಕೆಲಸ ಮುಗಿಸಿಕೊಳ್ಳುವುದು ಹಿತ.