ಕಬರಸ್ತಾನದ ಕಪ್ಪು ಪದರ



ಶಬೆ ಬರಾತ್ ಹತ್ತಿರ ಬಂದಿದೆ. ಕಬರಸ್ತಾನ ಸ್ವಚ್ಛ ಮಾಡುವ ಮಾತು ಶುರುವಾಗಿದೆ. ಎರಡು ವರ್ಷಗಳ ಹಿಂದೆ ಜೆಸಿಬಿ ತರಿಸೋಣ ಎಂದು ಇದೇ ಮಿಂಬರ್‌ನಿಂದ ಹೇಳಿದವರು ನಾವೇ. ಅರ್ಧ ದಿನದಲ್ಲಿ ಮುಳ್ಳುಕಂಟಿ ಹೋಯಿತು, ನೆಲ ಅಂಗಳದಂತೆ ಸಪಾಟಾಯಿತು, ಎಲ್ಲರಿಗೂ ಸಂತೋಷವಾಯಿತು. ಬೇಸಿಗೆಯಲ್ಲಿ ಅಲ್ಲಿಂದ ಧೂಳೆದ್ದಿತು. ಮೊದಲ ದೊಡ್ಡ ಮಳೆಗೆ ಇಳಿಜಾರಿನ ಮಣ್ಣು ಕೊಚ್ಚಿಹೋಗಿ ಹಳೆಯ ಕಬರುಗಳ ಬದಿ ಕುಸಿಯಿತು. ಕೆಲವರು ಮಳೆಯನ್ನು ದೂರಿದರು. ತಪ್ಪು ಮಳೆಯದಲ್ಲ.

ಅಥಣಿ, ರಾಯಬಾಗ ಕಡೆಯ ಮಡ್ಡಿ ನೆಲವನ್ನು ನೀವೆಲ್ಲ ನೋಡಿದ್ದೀರಿ. ನೇಗಿಲು ತಾಗದ ಜಾಗದಲ್ಲಿ, ಹೊಲದ ಬದುವಿನ ಮೇಲೆ ಸುಟ್ಟ ರೊಟ್ಟಿಯ ಪದರದಂಥ ಕಪ್ಪು ತೊಗಲೊಂದು ಇರುತ್ತದೆ. ಸತ್ತಂತೆ ಕಾಣುತ್ತದೆ. ಅದರ ಮೇಲೆ ಒಂದು ಲೋಟ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಹಸಿರಾಗುತ್ತದೆ. ನೀಲಿ-ಹಸಿರು ಪಾಚಿ, ಕಲ್ಲುಹೂವು, ಹಾವಸೆ ಸೇರಿದ ಜೀವಂತ ಪದರವದು. ಪಾಚಿಯ ಸಣ್ಣ ಎಳೆಗಳು ಅಂಟು ಸುರಿಸುತ್ತ ಮಣ್ಣಿನ ಕಣಗಳನ್ನು ಹೆಣೆದು ಹಿಡಿಯುತ್ತವೆ. ಗಾಳಿಗೆ, ಮಳೆಹನಿಯ ಪೆಟ್ಟಿಗೆ ಮಣ್ಣು ಸುಲಭವಾಗಿ ಕದಲುವುದಿಲ್ಲ. ಕೆಲವು ಜಾತಿಯ ಪಾಚಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ನೆಲಕ್ಕೆ ಗೊಬ್ಬರವನ್ನೂ ಕೊಡುತ್ತವೆ.

ಮರುಭೂಮಿಗಳಲ್ಲಿ ಗಿಡಗಳ ನಡುವಿನ ಬಯಲನ್ನು ಕಾಯುವುದು ಹೆಚ್ಚಾಗಿ ಇದೇ ಪದರ. ಭೂಮಿಯ ನೆಲದಲ್ಲಿ ಸುಮಾರು 12 ಶೇಕಡಾ ಭಾಗವನ್ನು ಇದು ಹೊದ್ದಿದೆ ಎಂದು ವಿಜ್ಞಾನಿಗಳ ಅಂದಾಜು. ಆದರೆ ಒಣಗಿದಾಗ ಒಂದು ಗಾಡಿಯ ಚಕ್ರಕ್ಕೂ ಪುಡಿಯಾಗುತ್ತದೆ. ಪಾಚಿ ಕೆಲವು ವರ್ಷಗಳಲ್ಲಿ ಮರಳಬಹುದು; ಕಲ್ಲುಹೂವಿಗೆ ದಶಕಗಳು ಬೇಕು. 1991ರ ಯುದ್ಧದಲ್ಲಿ ಕುವೈತ್‌ನ ಮರುಭೂಮಿಯ ಮೇಲ್ಪದರವನ್ನು ಟ್ಯಾಂಕುಗಳು ಸೀಳಿದ ಮೇಲೆ ಅಲ್ಲಿ ಮರಳಿನ ಹಾರಾಟ ಹೆಚ್ಚಿತು.

ಒಂದು ಗೊಂದಲ ಬೇಡ. ಕೃಷ್ಣಾ ದಂಡೆಯ ಕಬ್ಬಿನ ಹೊಲಗಳಲ್ಲಿ ಏಳುವ ಬಿಳಿ ಪದರ ಇದಲ್ಲ. ಅದು ಸವಳು, ಅತಿಯಾಗಿ ನೀರು ಹಾಯಿಸಿದ್ದರ ಫಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ ಅವರು ಉತ್ತರ ಭಾರತದ ಕ್ಷಾರ ನೆಲದಲ್ಲಿ ಒಡ್ಡು ಹಾಕಿ, ಮಳೆನೀರು ನಿಲ್ಲಿಸಿ, ಇದೇ ನೀಲಿ-ಹಸಿರು ಪಾಚಿ ಬೆಳೆಸಿ ಮಣ್ಣನ್ನು ಸುಧಾರಿಸಿದ್ದನ್ನು 1950ರಲ್ಲಿ ಪ್ರಕಟಿಸಿದರು. ನಮ್ಮ ಸವಳಿಗೆ ಬಸಿಗಾಲುವೆ ಇಲ್ಲದೆ ಪಾಚಿಯೊಂದೇ ಸಾಲದು. ಆದರೂ ಕಾಲಕೆಳಗಿನ ಕಪ್ಪು ಕಲೆಗೆ ಅಂಥ ಶಕ್ತಿ ಇದೆಯೆಂದು ನಮಗೆ ಮದರಸಾದಲ್ಲಾಗಲಿ ಬಿಎ ತರಗತಿಯಲ್ಲಾಗಲಿ ಯಾರೂ ಹೇಳಿರಲಿಲ್ಲ. ನೀರಿಲ್ಲದಾಗ ತಯಮ್ಮುಮ್‌ಗೆಂದು ಮುಟ್ಟುವ ಮಣ್ಣನ್ನು ನಾವು ಎಷ್ಟು ನೋಡಿದ್ದೇವೆ?

ಈ ಸಲ ಜೆಸಿಬಿ ಬರುವುದಿಲ್ಲ, ಕಳೆನಾಶಕ ಹೊಡೆಯುವುದೂ ಇಲ್ಲ. ಭಾನುವಾರ ಫಜ್ರ್ ನಮಾಝಿನ ನಂತರ ಕುಡಗೋಲು ತನ್ನಿ. ಮುಳ್ಳುಕಂಟಿಯನ್ನು ಬುಡದ ಮೇಲೆ ಕೊಯ್ಯೋಣ, ಬೇರು ಕೀಳುವುದು ಬೇಡ. ಬಾಗಿಲಿನಿಂದ ಜನಾಝಾ ನಮಾಝಿನ ಕಟ್ಟೆಯವರೆಗೆ ಸುಣ್ಣದ ಗೆರೆ ಹಾಕಿಸುತ್ತೇವೆ. ಓಡಾಟ ಆ ಗೆರೆಗಳ ನಡುವೆಯೇ ಇರಲಿ. ಬೈಕುಗಳು ಗೇಟಿನ ಹೊರಗೆ.